ಅಪ್‌ಡೇಟ್: ಕೊಡಗಿನ ಮನೆಗೆ ಸೋಲಾರ್ ಹಾಕಿಸಿದೆವು

ಜೂನ್‌ನಿಂದ ಮೋಡ ಕವಿದುಕೊಂಡೇ ಇರುವ ಮಡಿಕೇರಿ ಕಡೆ ಸೋಲಾರ್ ಹಾಕಿಸಿದರೆ ದುಡ್ಡು ವಾಪಸ್ ಬರುತ್ತಾ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್. 3 ಕಿಲೋವ್ಯಾಟ್ ಹಾಕಿಸಿದೆವು.

ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಇದಕ್ಕೆ 78,000 ರೂಪಾಯಿ ಸಬ್ಸಿಡಿ ಇದೆ. ಅದು ಖಾತೆಗೆ ಬರುವುದು ನೆಟ್ ಮೀಟರ್ (ಲೈನ್‌ನಿಂದ ಪಡೆದ, ಲೈನ್‌ಗೆ ಕೊಟ್ಟ ಕರೆಂಟ್ ಎರಡನ್ನೂ ಅಳೆಯುವ ಮೀಟರ್) ಕೂತು ಎಲ್ಲ ಮುಗಿದ ಮೇಲೆ. ನಮಗೆ ಗೀಸರ್, ಪಂಪ್ ಸೇರಿ ಬಳಕೆ ಜಾಸ್ತಿ, ಹಾಗಾಗಿ ಲಾಭ ಇದೆ. ಗೃಹಜ್ಯೋತಿಯಲ್ಲಿ ಈಗಲೇ ಸೊನ್ನೆ ಬಿಲ್ ಬರುವವರು ಬಿಲ್ ಉಳಿಸಲು ಅಂತ ಹಾಕಿಸುವುದು ಬೇಡ.

ಮುಖ್ಯ ವಿಷಯ ಕರೆಂಟ್ ಹೋದಾಗಿನದು. ಮರ ಬಿದ್ದು ಲೈನ್ ಹೋದರೆ ಬ್ಯಾಟರಿ ಇಲ್ಲದ ಆನ್‌ಗ್ರಿಡ್ (ಕರೆಂಟ್ ಲೈನ್‌ಗೆ ಜೋಡಿಸಿದ) ಸೋಲಾರ್ ಕೂಡ ನಿಂತುಬಿಡುತ್ತದೆ, ಎಷ್ಟೇ ಬಿಸಿಲಿರಲಿ. ನಮ್ಮ ಪ್ಯಾನೆಲ್‌ನ ಕರೆಂಟ್ ಲೈನ್‌ಗೆ ಹರಿದು, ರಿಪೇರಿ ಮಾಡುವ ಲೈನ್‌ಮ್ಯಾನ್‌ಗೆ ಶಾಕ್ ಹೊಡೆಯಬಾರದು ಅಲ್ವಾ, ಅದಕ್ಕೆ. ಇದನ್ನು ಮಾರುವವರು ಮೊದಲೇ ಹೇಳಬೇಕು, ಎಷ್ಟೋ ಜನ ಹೇಳುವುದಿಲ್ಲ. ನಮ್ಮಲ್ಲಿ ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಅದಕ್ಕೇ ಲೈನ್ ಹೋದಾಗಲೂ ಬ್ಯಾಟರಿಯಿಂದ ಮನೆಗೆ ಕರೆಂಟ್ ಕೊಡುವ ಹೈಬ್ರಿಡ್ ಇನ್ವರ್ಟರ್, ಜೊತೆಗೆ ಲಿಥಿಯಂ ಬ್ಯಾಟರಿ ತೆಗೆದುಕೊಂಡೆವು. ಖರ್ಚು ಏರಿದ್ದೇ ಅಲ್ಲಿ.

ಇನ್ನೊಂದು, ಸಿಲ್ವರ್ ಓಕ್ ನೆರಳು. ಒಂದು ಪ್ಯಾನೆಲ್ ಮೇಲೆ ಬಿದ್ದರೂ ಜೊತೆಗಿರುವವುಗಳ ಉತ್ಪಾದನೆಯೂ ಇಳಿಯಬಹುದು. ಕೊಂಬೆ ಸವರಿಸಿಯೇ ಪ್ಯಾನೆಲ್ ಕೂರಿಸಿ.