ಪದ್ಯ ಎತ್ತುವ ಕೋಶ

“ರೋಗನಿರೋಧಕ ಶಕ್ತಿಯನ್ನು ಮೂರು ಪಟ್ಟು ಹೆಚ್ಚಿಸುವ ಪುಡಿಯಂತೆ ಮಾಷ್ಟ್ರೇ” ಎನ್ನುತ್ತ ಭಟ್ರು ಬದಿಯಡ್ಕದ ಹೋಟೆಲಿನ ಮೇಜಿನ ಮೇಲೆ ಡಬ್ಬಿಯನ್ನು ಊರಿದರು.

“ಹೆಚ್ಚಿಸಿಕೊಂಡು ಏನು ಮಾಡುತ್ತೀರಿ? ಅದು ಮಿತಿಮೀರದಂತೆ ತಡೆಯುವುದಕ್ಕೆಂದೇ ದೇಹವು ನಿಯಂತ್ರಕ ಟಿ ಕೋಶಗಳೆಂಬ ಬಿಳಿ ರಕ್ತಕಣಗಳನ್ನು ಸಾಕಿಕೊಂಡಿದೆ. ಅವುಗಳ ಗುಟ್ಟನ್ನು ಬಿಡಿಸಿದ ಸಕಾಗುಚಿ, ಬ್ರಂಕೋ, ರಾಮ್ಸ್‌ಡೆಲ್ ಎಂಬ ಮೂವರಿಗೆ 2025ರಲ್ಲಿ ನೊಬೆಲ್ ಬಂತು. ಪುಡಿಯವರಿಗೆ ಬಂದ ಸುದ್ದಿಯಿಲ್ಲ.”

“ತಡೆಯುವುದಕ್ಕೂ ಬಹುಮಾನವೇ?” ಎಂದರು ಶಂಕರಣ್ಣ.

“ತಾಳಮದ್ದಳೆಯಲ್ಲಿ ಭಾಗವತರು ಸಮಯ ನೋಡಿ ಮುಂದಿನ ಪದ್ಯ ಎತ್ತದಿದ್ದರೆ, ಸಂಧಾನಕ್ಕೆ ಹೊರಟ ನಮ್ಮ ಭಟ್ರ ಕೃಷ್ಣನು ಬೆಳಗಾದರೂ ಹಸ್ತಿನಾವತಿಯನ್ನು ಮುಟ್ಟುತ್ತಿದ್ದನೇ? ಈ ಕೋಶಗಳದ್ದೂ ಅದೇ ಕೆಲಸ.”

“ಇಂಥ ಭಾಗವತರು ತಯಾರಾಗುವುದೆಲ್ಲಿ?”

“ಎದೆಯೆಲುಬಿನ ಹಿಂದೆ, ಥೈಮಸ್ ಎಂಬ ಗ್ರಂಥಿಯಲ್ಲಿ. ಅಲ್ಲಿ ಎಳೆಯ ಟಿ ಕೋಶಗಳಿಗೆ ದೇಹದ ಸ್ವಂತ ಪ್ರೋಟೀನಿನ ತುಣುಕುಗಳನ್ನು ತೋರಿಸಿ ಪರೀಕ್ಷೆ ನಡೆಯುತ್ತದೆ. ಅವುಗಳ ಮೇಲೆ ವಿಪರೀತವಾಗಿ ಎರಗುವವು ಬಹುಮಟ್ಟಿಗೆ ಅಲ್ಲೇ ಸಾಯುತ್ತವೆ; ಎರಗುವ ಸ್ವಭಾವವಿದ್ದರೂ ಅಷ್ಟು ಅತಿಗೆ ಹೋಗದ ಕೆಲವು, ಫಾಕ್ಸ್‌ಪಿ3 ಎಂಬ ಜೀನ್ ಎಚ್ಚೆತ್ತು, ತಡೆಯುವ ಕೋಶಗಳಾಗುತ್ತವೆ. ಇನ್ನು ಕೆಲವು ಹೊರಗೆ, ವಿಶೇಷವಾಗಿ ಕರುಳಿನಲ್ಲಿ, ಟಿಜಿಎಫ್-ಬೀಟಾ ಎಂಬ ಸಂಕೇತ ಸಿಕ್ಕಾಗ ಈ ವೃತ್ತಿಗಿಳಿಯುತ್ತವೆ.”

“ಅಂದರೆ, ಅರ್ಥ ಹೇಳುವ ಚಪಲ ಇದ್ದವನೇ ಭಾಗವತನಾಗುವುದು!”

“ಹೌದು, ಚಪಲವನ್ನು ಅರಿಯದವನಿಗೆ ತಡೆಯುವ ಜಾಗ ಹೇಗೆ ಗೊತ್ತಾಗಬೇಕು? ಅವುಗಳ ಒಂದು ಉಪಾಯವಂತೂ ಸರಳ. ಉಳಿದ ಟಿ ಕೋಶಗಳು ವೃದ್ಧಿಯಾಗಲು ಬೇಕಾದ ಇಂಟರ್‌ಲ್ಯೂಕಿನ್-2 ಎಂಬ ವಸ್ತುವನ್ನು ಇವೇ ಹೀರಿಬಿಡುತ್ತವೆ” ಎಂದು ಮಾಷ್ಟ್ರು ಭಟ್ರ ಮುಂದಿದ್ದ ಚಹಾವನ್ನು ಎಳೆದುಕೊಂಡು ಕುಡಿದರು.

ಭಟ್ರು ಅದನ್ನು ಗಮನಿಸಲಿಲ್ಲ. “ಆ ಜೀನ್ ಕೆಟ್ಟರೆ?”

“ಎಳೆಯ ಮಗುವಿಗೇ ಮಧುಮೇಹ, ನಿಲ್ಲದ ಭೇದಿ, ಚರ್ಮದ ಉರಿ. ದೇಹವೇ ದೇಹವನ್ನು ತಿನ್ನುತ್ತದೆ.”

ಭಟ್ರು ಡಬ್ಬಿಯ ಮುಚ್ಚಳವನ್ನು ತಿರುಗಿಸುತ್ತ ಕುಳಿತರು. “ಪುಡಿ ನನಗಲ್ಲ ಮಾಷ್ಟ್ರೇ, ಮನೆಯವಳಿಗೆ. ಬೆರಳ ಗಂಟುಗಳೆಲ್ಲ ಬಾತಿವೆ, ರುಮಟಾಯ್ಡ್ ಎಂದಿದ್ದಾರೆ. ಅಡಕೆ ಸುಲಿಯಲು ಕೂತರೆ ಆಳುಗಳೂ ಅವಳ ಕೈಗೆ ಸಾಟಿಯಾಗುತ್ತಿರಲಿಲ್ಲ. ಈಗ ಸೀರೆಯ ಪಿನ್ನು ಹಾಕಲೂ ನನ್ನನ್ನು ಕರೆಯುತ್ತಾಳೆ.”

ಮಾಷ್ಟ್ರ ದನಿ ತಗ್ಗಿತು. “ಅದೂ ತನ್ನ ಮೇಲೆ ತಾನೇ ಎರಗುವ ರೋಗವೇ. ಆ ಅಬ್ಬರವನ್ನು ಇಳಿಸಲೆಂದೇ ವೈದ್ಯರು ಮದ್ದು ಕೊಡುವುದು. ಅವರನ್ನು ಕೇಳದೆ ಇದನ್ನು ಕೊಡಬೇಡಿ.”

“ಹಣ ಕೊಟ್ಟದ್ದಲ್ಲವೇ, ಭಟ್ರೇ ತಿನ್ನಲಿ” ಎಂದರು ಶಂಕರಣ್ಣ.

“ದಮ್ಮಯ್ಯ ಬೇಡ! ಬರುವ ಶನಿವಾರದ ಕೂಟದಲ್ಲಿ ಅವರದ್ದು ಶಲ್ಯ. ಈಗಿರುವ ಶಕ್ತಿಗೇ ಭಾಗವತರು ರಜೆ ಕೇಳುತ್ತಿದ್ದಾರೆ.”