ಪದಚರ್ಚೆ: ಕಾಸಿಗೆ ಮೋಸವಿಲ್ಲದ ಕೆಂಪು ವೈನ್, ಹಳೆಯ ಕ್ರಮದ ಲಾಗರ್

ಮಾನ್ಯರೇ,

ಯುರೋಪಿನಲ್ಲಿ ನೆಲೆಸಿರುವ ಕನ್ನಡಿಗರಿಗಾಗಿ, ಊಟದೊಂದಿಗೆ ಒಪ್ಪುವ ಒಂದು ಕೆಂಪು ವೈನನ್ನೂ ಒಂದು ಲಾಗರ್ ಬಿಯರನ್ನೂ ಶಿಫಾರಸು ಮಾಡುವ ಚಿಕ್ಕ ಬರಹವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ನಾನು ಆರಿಸಿಕೊಂಡಿರುವುದು ಸ್ಪೇನಿನ ರಿಯೋಹಾ ಪ್ರದೇಶದ ‘ಕ್ರಿಯಾನ್ಸಾ’ ದರ್ಜೆಯ ವೈನ್ ಮತ್ತು ಚೆಕ್ ದೇಶದ ಪ್ಲಜೆನ್ ನಗರದ ಪಿಲ್ಸ್ನರ್ ಉರ್ಕ್ವೆಲ್. ಆಯ್ಕೆಯ ಬಗ್ಗೆ ನನಗೆ ಅನುಮಾನವಿಲ್ಲ. ಅದನ್ನು ಕನ್ನಡದಲ್ಲಿ ಹೇಳಹೊರಟಾಗ ಎದುರಾದ ಕೆಲವು ಪದಗಳ ಬಗ್ಗೆ ತಿಳಿದವರ ಅಭಿಪ್ರಾಯ ಬೇಕಾಗಿದೆ.

ಮೊದಲನೆಯದು ಬೆಲೆಯ ಮಾತು. ‘ಅಗ್ಗದ ವೈನ್’ ಎಂದರೆ ಶಿಫಾರಸು ಅಲ್ಲಿಯೇ ಕೆಟ್ಟಿತು, ಏಕೆಂದರೆ ‘ಅಗ್ಗದ ಮದ್ಯ’ ಎಂಬ ಜೋಡಿ ನಮ್ಮ ಪತ್ರಿಕೆಗಳಲ್ಲಿ ಕಳಪೆ ಸರಕಿಗೆ ಅಂಟಿಕೊಂಡುಬಿಟ್ಟಿದೆ. ‘ಬೆಲೆಬಾಳುವ’ ಎಂದರೆ ಅರ್ಥ ತಿರುಗುಮುರುಗಾಗುತ್ತದೆ. ‘ಕೈಗೆಟುಕುವ’ ಎಂಬುದು ಕೊಳ್ಳುವವನ ಶಕ್ತಿಯನ್ನು ಹೇಳುತ್ತದೆಯೇ ಹೊರತು ಸರಕಿನ ಗುಣವನ್ನಲ್ಲ. ‘ಸೋವಿ’ ನನಗೆ ಪ್ರಿಯವಾದ ಪದವಾದರೂ, ಅದರಲ್ಲಿ ಹೇರಳವಾಗಿ ಸಿಗುವುದರಿಂದ ಬೆಲೆ ಇಳಿದಿದೆ ಎಂಬ ಧ್ವನಿಯಿದೆ. ಆಡುಮಾತಿನ ‘ಕೊಟ್ಟ ಕಾಸಿಗೆ ಮೋಸವಿಲ್ಲ’ ಎಂಬ ಮಾತೊಂದೇ ಬೆಲೆ ಮತ್ತು ಗುಣ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತದೆ.

ಕ್ರಿಯಾನ್ಸಾಕ್ಕೆ ಈ ಮಾತು ಏಕೆ ಸಲ್ಲುತ್ತದೆ ಎಂಬುದನ್ನು ಸ್ವಲ್ಪ ವಿವರಿಸಬೇಕು. ರಿಯೋಹಾದ ನಿಯಮದಂತೆ ಈ ದರ್ಜೆಯ ಕೆಂಪು ವೈನು ಕನಿಷ್ಠ 2 ವರ್ಷ ಮಾಗಬೇಕು, ಅದರಲ್ಲಿ ಕನಿಷ್ಠ 1 ವರ್ಷ ಓಕ್ ಮರದ ಪೀಪಾಯಿಯಲ್ಲಿರಬೇಕು. ಅಂದರೆ ಕಾಯುವ ಹೊರೆಯನ್ನು ತಯಾರಕನೇ ಹೊತ್ತು, ಕುಡಿಯಲು ಹದವಾದ ಬಾಟಲಿಯನ್ನೇ ಮಾರುಕಟ್ಟೆಗೆ ತರುತ್ತಾನೆ. ಇದಕ್ಕಿಂತ ಹೆಚ್ಚು ಮಾಗಿದ ‘ರೆಸೆರ್ವಾ’, ‘ಗ್ರಾನ್ ರೆಸೆರ್ವಾ’ ದರ್ಜೆಗಳಿಗೆ ಬೆಲೆಯೂ ಏರುತ್ತ ಹೋಗುತ್ತದೆ. ನಿತ್ಯದ ಊಟಕ್ಕೆ ಅವು ಬೇಕಿಲ್ಲ ಎಂದೇ ನನ್ನ ಎಣಿಕೆ. ಅಂಗಡಿಯಲ್ಲಿ ಗುರುತಿಸುವುದೂ ಸುಲಭ: ಬಾಟಲಿಯ ಹಿಂಬದಿಯ ನಿಯಂತ್ರಣ ಮಂಡಳಿಯ ಚೀಟಿ ಕ್ರಿಯಾನ್ಸಾಕ್ಕೆ ಕೆಂಪು, ಗ್ರಾನ್ ರೆಸೆರ್ವಾಕ್ಕೆ ನೀಲಿ. ಸ್ಪ್ಯಾನಿಷ್ ಭಾಷೆಯಲ್ಲಿ ‘ಕ್ರಿಯಾನ್ಸಾ’ ಎಂದರೆ ಸಾಕಿ ಬೆಳೆಸುವುದು. ಇದಕ್ಕೆ ನಾನು ‘ಮಾಗಿಸುವುದು’ ಎಂದು ಬರೆದುಕೊಂಡಿದ್ದೇನೆ. ‘ಹಳೆಯ ವೈನ್’ ಎಂದರೆ ವಯಸ್ಸಷ್ಟೇ ತಿಳಿಯುತ್ತದೆ, ‘ಮಾಗಿದ ವೈನ್’ ಎಂದರೆ ಹದವೂ ತಿಳಿಯುತ್ತದೆ.

ಇನ್ನು ವೈನಿಗೇ ಕನ್ನಡದ ಹೆಸರು ಬೇಕೇ? ‘ದ್ರಾಕ್ಷಾರಸ’ ಎಂಬುದು ಕನ್ನಡ ಬೈಬಲಿನಿಂದ ಪರಿಚಿತವಾದ ಪದವಾದರೂ ಇಂದಿನ ಓದುಗನಿಗೆ ಅದು ಹಣ್ಣಿನ ಅಂಗಡಿಯ ರಸವೂ ಹೌದು. ಆಯುರ್ವೇದದಲ್ಲಿ ಕಾಯಿಸದೆ ಹುದುಗಿಸಿದ್ದು ಆಸವ, ಕಷಾಯ ಕಾಯಿಸಿ ಹುದುಗಿಸಿದ್ದು ಅರಿಷ್ಟ. ಈ ಲೆಕ್ಕದಲ್ಲಿ ವೈನು ಆಸವವಾಗಿ, ಬಿಯರು ಅರಿಷ್ಟದ ಪಕ್ಕಕ್ಕೆ ಬರುತ್ತದೆ. ವಿಭಾಗವೇನೋ ಅಂದವಾಗಿದೆ, ಆದರೆ ಕೇಡು ಎಂಬ ಅರ್ಥವೂ ಇರುವ ಪದದಿಂದ ಬಿಯರನ್ನು ಶಿಫಾರಸು ಮಾಡುವ ಧೈರ್ಯ ನನಗಿಲ್ಲ. ‘ವೈನ್’, ‘ಬಿಯರ್’ ಹಾಗೆಯೇ ಇರಲಿ. ನಮ್ಮ ಊರುಗಳ ‘ವೈನ್ಸ್’ ಫಲಕದ ಅಂಗಡಿಗಳಲ್ಲಿ ಹೆಚ್ಚಾಗಿ ಮಾರಾಟವಾಗುವುದು ಬೇರೆಯೇ ಮದ್ಯ ಎಂಬುದು ಪ್ರತ್ಯೇಕ ಚರ್ಚೆ.

ರುಚಿಯ ಮಾತಿಗೆ ಬಂದರೆ ಕನ್ನಡ ಸಾಲ ಮಾಡಬೇಕಾಗಿಯೇ ಇಲ್ಲ. ದ್ರಾಕ್ಷಿಯ ಸಿಪ್ಪೆ, ಬೀಜ ಮತ್ತು ಪೀಪಾಯಿಯ ಮರದಿಂದ ಇಳಿಯುವ ಟ್ಯಾನಿನ್ ನಾಲಿಗೆಯನ್ನು ಹಿಡಿದಂತೆ ಮಾಡುವ ಗುಣಕ್ಕೆ ‘ಒಗರು’ ಎನ್ನುವುದಕ್ಕಿಂತ ನಿಖರವಾದ ಪದ ಸಿಗಲಾರದು. ಮಲೆನಾಡಿನವರಿಗಂತೂ ಅಡಕೆ ಬೇಯಿಸಿದ ‘ಚೊಗರು’ ಗೊತ್ತಿರುವುದರಿಂದ, ಟ್ಯಾನಿನ್ ಎಂದರೇನು ಎಂದು ಬೇರೆ ತಿಳಿಸಬೇಕಾಗಿಲ್ಲ. ಆದರೆ ವೈನಿನ ಲೋಕದಲ್ಲಿ ‘ಡ್ರೈ’ ಎನ್ನುವುದಕ್ಕೆ ‘ಒಣ ವೈನ್’ ಎಂದು ಬರೆದದ್ದನ್ನು ಕಂಡಾಗಲೆಲ್ಲ ಸಂಕಟವಾಗುತ್ತದೆ. ಅಲ್ಲಿ ಹೇಳಬೇಕಾದದ್ದು ಸಕ್ಕರೆಯೆಲ್ಲ ಹುದುಗಿ ಹೋಗಿದೆ ಎಂಬುದು. ಆದ್ದರಿಂದ ‘ಸಿಹಿಯಿಲ್ಲದ’ ಸಾಕು. ಬೆಂಗಳೂರು ನೀಲಿ ದ್ರಾಕ್ಷಿಯ, ‘ಪೋರ್ಟ್’ ಹೆಸರಿನ ಸಿಹಿ ವೈನಿಗೆ ಒಗ್ಗಿದ ನಾಲಿಗೆಗೆ ಈ ಎಚ್ಚರಿಕೆ ಅಗತ್ಯವೂ ಹೌದು.

ನನ್ನನ್ನು ಹೆಚ್ಚು ಕಾಡಿರುವುದು ‘ಸಾಂಪ್ರದಾಯಿಕ ಲಾಗರ್’. ಸಂಪ್ರದಾಯಸ್ಥರ ಮನೆ ಎಂದರೆ ಬಿಯರು ಹೊಸ್ತಿಲು ದಾಟದ ಮನೆ ಎಂದೇ ನಮ್ಮಲ್ಲಿ ಅರ್ಥವಾದ್ದರಿಂದ ಆ ವಿಶೇಷಣ ನಗೆ ತರಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಅದು ಏನನ್ನೂ ತಿಳಿಸುವುದಿಲ್ಲ. ಬವೇರಿಯಾದ ಯೋಸೆಫ್ ಗ್ರೋಲ್ 1842ರಲ್ಲಿ ಪ್ಲಜೆನ್ನಿನಲ್ಲಿ ತಯಾರಿಸಿದ ಹೊಂಬಣ್ಣದ ಲಾಗರ್ ಅಂದಿಗೆ ಹೊಸತೇ ಆಗಿತ್ತು. ಇಂದು ಅದನ್ನು ಹಳೆಯ ಕ್ರಮದ್ದೆನ್ನುವುದು ಎರಡು ಕೆಲಸಗಳಿಂದ: ಮೊಳಕೆ ಬರಿಸಿ ಒಣಗಿಸಿದ ಜವೆಗೋಧಿಯನ್ನು ನೀರಿನಲ್ಲಿ ಕಲಸಿ ಮಾಡಿದ ಕಲಕಿನಿಂದ ಒಂದು ಪಾಲನ್ನು ತೆಗೆದು ಕುದಿಸಿ ಮತ್ತೆ ಸುರಿಯುವುದನ್ನು ಮೂರು ಬಾರಿ ಮಾಡುವುದು, ಹುದುಗಿದ ಮೇಲೆ ವಾರಗಟ್ಟಲೆ ತಂಪಿನಲ್ಲಿ ಇಡುವುದು. ಚೆಕ್ ದೇಶದ್ದೇ ಆದ ಚೆಸ್ಕೆ ಬುಡೆಯೊವಿಟ್ಸೆ ನಗರದ ಬಿಯರ್ ತಯಾರಿಕಾ ಸಂಸ್ಥೆ ಬುಡ್ವಾರ್ ತನ್ನ ಲಾಗರನ್ನು 90 ದಿನ ಹೀಗೆ ಇಡುತ್ತದೆ. ಪಿಲ್ಸ್ನರ್ ಸಿಗದ ಕಡೆ ಅದನ್ನೇ ಸೂಚಿಸುತ್ತೇನೆ, ಅದರಲ್ಲಿ ಕಹಿ ತುಸು ಕಡಿಮೆ.

ಕುದಿಸಿ ಸುರಿಯುವ ಆ ಕ್ರಮಕ್ಕೆ ಬಿಯರ್ ತಯಾರಕರು ‘ಡಿಕಾಕ್ಷನ್’ ಎನ್ನುತ್ತಾರೆ. ಕನ್ನಡಿಗರಿಗೆ ಆ ಪದ ಫಿಲ್ಟರಿನಿಂದ ಇಳಿಯುವ ಕಾಫಿಗೆ ಮೀಸಲಾಗಿದೆ, ಅದನ್ನು ಯಾರೂ ಕುದಿಸುವುದಿಲ್ಲ. ‘ಕಷಾಯ’ ಎಂದರೆ ಶೀತಕ್ಕೆ ಮದ್ದು. ‘ಮರುಕುದಿ’ ಎಂದು ಕಟ್ಟಿ ನೋಡಿದ್ದೇನೆ. ತಂಪಿನಲ್ಲಿ ಇಡುವುದಕ್ಕೆ ತೊಡಕು ಇನ್ನೂ ಸೂಕ್ಷ್ಮವಾದದ್ದು: ಜರ್ಮನ್ನಿನ ‘ಲಾಗರ್’ ಕೂಡಿಡುವ ಜಾಗವನ್ನು ಹೇಳಿದರೆ, ಚೆಕ್ ಭಾಷೆಯಲ್ಲಿ ಅದೇ ಬಿಯರಿನ ಹೆಸರಾದ ‘ಲೆಜಾಕ್’ ಮಲಗಿರುವುದನ್ನು ಹೇಳುತ್ತದೆ. ‘ತಂಗಿಸಿದ ಬಿಯರ್’ ಎಂದೊಡನೆ ತಂಗಳು ನೆನಪಾಗುತ್ತದೆ. ವೈನಿನಂತೆ ಇದನ್ನೂ ‘ಮಾಗಿಸಿದ’ ಎನ್ನೋಣವೆಂದರೆ, ವೈನು ಮಾಗುತ್ತ ಹೊಸ ಪರಿಮಳ ಗಳಿಸುತ್ತದೆ, ಲಾಗರಿನಲ್ಲಿ ಹಸಿ ವಾಸನೆ ಕಳೆದು ಬಿಯರು ತಿಳಿಯಾಗುತ್ತದೆ. ಎರಡನ್ನೂ ಒಂದೇ ಕ್ರಿಯಾಪದದಲ್ಲಿ ಹೇಳುವುದು ನನಗೆ ಸರಿಕಾಣುತ್ತಿಲ್ಲ.

ಸದ್ಯದ ಕರಡು ಹೀಗಿದೆ: ‘ಕಾಸಿಗೆ ಮೋಸವಿಲ್ಲದ, ಸಿಹಿಯಿಲ್ಲದ, ಹದವಾದ ಒಗರಿನ ಮಾಗಿದ ಕೆಂಪು ವೈನ್ ಬೇಕಿದ್ದರೆ ರಿಯೋಹಾದ ಕ್ರಿಯಾನ್ಸಾ, ಮೂರು ಮರುಕುದಿಯ, ತಂಪಿನಲ್ಲಿ ತಿಳಿಗೊಂಡ ಲಾಗರ್ ಬೇಕಿದ್ದರೆ ಪಿಲ್ಸ್ನರ್ ಉರ್ಕ್ವೆಲ್.’ ಇದರಲ್ಲಿ ‘ಕಾಸಿಗೆ ಮೋಸವಿಲ್ಲದ’ ಎಂಬುದು ಬರಹದ ಕನ್ನಡಕ್ಕೆ ಒಗ್ಗುತ್ತದೆಯೇ? ‘ಮರುಕುದಿ’ ಎಂದರೆ ಇಡೀ ಕಲಕನ್ನೇ ಮತ್ತೆ ಕುದಿಸಿದಂತೆ ಕೇಳುತ್ತದೆಯೇ? ‘ತಿಳಿಗೊಂಡ’ ಎಂಬುದಕ್ಕೆ ಬದಲಾಗಿ, ಕಳ್ಳು, ಸೇಂದಿ ಅಥವಾ ಅಕ್ಕಿಬೋಜದ ಕಸುಬಿನವರು ಇಟ್ಟು ತಿಳಿಯಾಗಿಸುವುದಕ್ಕೆ ಬಳಸುವ ಪದ ನಿಮ್ಮ ಸೀಮೆಯಲ್ಲಿದ್ದರೆ ದಯವಿಟ್ಟು ತಿಳಿಸಿ.