ಹೈ ಬಾನೆಟ್ ಜೀಪಿನ ಕಾರ್ಬುರೇಟರ್: ಒರಿಜಿನಲ್ ಅಂತ ಗುರುತಿಸೋದು ಹೇಗೆ?

ಪ್ರಶ್ನೆ, ಬಾಗಲಕೋಟೆಯಿಂದ:

ನಮ್ಮ ಮುತ್ಯಾನ ಪೆಟ್ರೋಲ್ ಜೀಪು, ಮಹೀಂದ್ರಾ ಸಿಜೆ3ಬಿ, ಹನ್ನೆರಡು ವರ್ಷದಿಂದ ತಗಡಿನ ಶೆಡ್ಡಿನಲ್ಲಿ ನಿಂತಿದೆ. ಮೊದಲಿದ್ದ ಹಾಗೇ ಮಾಡಿಸಬೇಕು ಅಂತ ಆಸೆ. ಈಗ ಅದರಲ್ಲಿರೋದು ಸೋಲೆಕ್ಸ್ ಕಂಪನಿಯ ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ). ಹಳೇ ಸಾಮಾನಿನ ವ್ಯಾಪಾರಿಯೊಬ್ಬರು ‘ಒರಿಜಿನಲ್ ಕಾರ್ಟರ್ ಕಂಪನಿಯದ್ದು ಇದೆ, ಅದರಿಂದ ಎಂಜಿನ್ನಿಗೆ ಹೋಗುವ ಕೊಳವೆ ಅಂದರೆ ಇನ್‌ಟೇಕ್ ಮ್ಯಾನಿಫೋಲ್ಡ್ ಕೂಡ ಇದೆ, ಎರಡೂ ತಗೊಳ್ಳಿ’ ಅನ್ನುತ್ತಿದ್ದಾರೆ. ನಂಬಬಹುದಾ? ಏನೇನು ನೋಡಬೇಕು?

ಬೆಳಗಾವಿಯಿಂದ:

ದುಡ್ಡು ಕೊಡುವ ಮೊದಲು ಬಾನೆಟ್ ಎತ್ತಿ ನೋಡಿ ಸರ್. ಕಾರ್ಬುರೇಟರ್ ಎಲ್ಲಿ ಕೂತಿದೆ? ಸಿಲಿಂಡರ್ ಹೆಡ್ಡಿನ (ಎಂಜಿನ್ ಬ್ಲಾಕಿನ ಮೇಲ್ಮುಚ್ಚಳದ) ಮೇಲೆಯೇ ಕೂತಿದ್ದರೆ ನಿಮ್ಮದು ಎಫ್-ಹೆಡ್ ಎಂಜಿನ್. ಇದರಲ್ಲಿ ಇನ್‌ಟೇಕ್ ವಾಲ್ವ್ ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವ್ ಬ್ಲಾಕಿನಲ್ಲಿ. ಗಾಳಿ, ಪೆಟ್ರೋಲ್ ಹೋಗುವ ದಾರಿ ಹೆಡ್ಡಿನ ಎರಕದೊಳಗೇ ಇರುತ್ತದೆ. ಬೇರೆ ಇನ್‌ಟೇಕ್ ಮ್ಯಾನಿಫೋಲ್ಡ್ ಅನ್ನೋದೇ ಇಲ್ಲ! ಹಾಗಾದರೆ ಆ ಪುಣ್ಯಾತ್ಮ ಮಾರ್ತಿರೋದು ಏನನ್ನು? ಬಹುಶಃ ಎರಡೂ ವಾಲ್ವ್ ಬ್ಲಾಕಿನಲ್ಲೇ ಇರುವ ಹಳೇ ಎಲ್-ಹೆಡ್ ಎಂಜಿನ್ನಿನದ್ದು.

1953ರಲ್ಲಿ ಅಮೆರಿಕದ ವಿಲ್ಲೀಸ್ ಕಂಪನಿ ಸಿಜೆ3ಬಿ ತಂದಾಗ ಬಾನೆಟ್ ಎತ್ತರ ಮಾಡಿದ್ದೇ ಈ ಎಫ್-ಹೆಡ್ ಹಿಡಿಸಲಿ ಅಂತ. ಆದರೂ ಬರೀ ಬಾನೆಟ್ ನೋಡಿ ತೀರ್ಮಾನ ಮಾಡಬೇಡಿ. ನಮ್ಮ ಕಡೆ ಎಂಜಿನ್ ಬದಲಾಗದ ಹಳೇ ಜೀಪು ಸಿಗೋದೇ ಕಷ್ಟ.

ಎಲ್-ಹೆಡ್ ಇರುವವರಿಗೆ ಇನ್ನೊಂದು ಮಾತು. ನಾನು ಇಲ್ಲಿನ ಉದ್ಯಮಬಾಗ ಕೈಗಾರಿಕಾ ಪ್ರದೇಶದಲ್ಲಿ ಪ್ಯಾಟರ್ನ್ (ಎರಕದ ಅಚ್ಚು ತೆಗೆಯುವ ಮಾದರಿ) ಕೆಲಸ ಮಾಡಿದವನು. ಮ್ಯಾನಿಫೋಲ್ಡ್ ನಕಲು ಮಾಡುವವರು ಹಳೇ ಪೀಸನ್ನೇ ಮರಳಿಗೆ ಒತ್ತಿ ಅಚ್ಚು ತೆಗೆಯುತ್ತಾರೆ. ಬೀಡುಕಬ್ಬಿಣ ಆರುವಾಗ ಸುಮಾರು 1% ಕುಗ್ಗುತ್ತದೆ. ಅದಕ್ಕೇ ನಾವು ಪ್ಯಾಟರ್ನನ್ನು ಅಷ್ಟು ದೊಡ್ಡದಾಗಿ ಮಾಡೋದು. ಹಳೇ ಪೀಸೇ ಪ್ಯಾಟರ್ನ್ ಆದರೆ 300 ಮಿ.ಮೀ. ಇರಬೇಕಾದದ್ದು 297 ಆಗುತ್ತದೆ. ಸ್ಟಡ್‌ಗಳಿಗೆ (ಎಂಜಿನ್ನಿನಿಂದ ಹೊರಚಾಚಿದ ಬೋಲ್ಟ್‌ಗಳಿಗೆ) ಕೂರೋದಿಲ್ಲ. ಆಗ ರಂಧ್ರಗಳನ್ನು ಕಾನಸು ಹಾಕಿ ಉದ್ದ ಮಾಡುತ್ತಾರೆ. ಮೊಟ್ಟೆಯಾಕಾರದ ರಂಧ್ರ ಕಂಡರೆ ಅಲ್ಲೇ ಬಿಟ್ಟು ಬನ್ನಿ. ಉಬ್ಬಿದ ಎರಕದ ನಂಬರ್‌ಗಳ ಅಂಚೂ ನಕಲಿನಲ್ಲಿ ಕರಗಿದ ಬೆಲ್ಲದಂತೆ ಮೊಂಡಾಗಿರುತ್ತದೆ. ಗೆಳೆಯನೊಬ್ಬನಿಗೆ ಇಂಥದ್ದೊಂದನ್ನು ನಾನೇ ಮಾಡಿಕೊಟ್ಟಿದ್ದೆ, ಸುಳ್ಳು ಯಾಕೆ ಹೇಳಲಿ. ಗ್ಯಾಸ್ಕೆಟ್ ಪಕ್ಕದಿಂದ ಗಾಳಿ ಎಳೆದು ಐಡ್ಲಿಂಗೇ ನಿಲ್ಲಲಿಲ್ಲ.

ವಿಜಯಪುರದಿಂದ:

ಕಾರ್ಟರ್ ವಿಷಯದಲ್ಲಿ ಮೋಸ ಹೋದವನು ನಾನು, ಹೇಳುತ್ತೇನೆ ಕೇಳಿ. ಬಾಡಿ ಮೇಲೆ ಎರಕದಲ್ಲಿರುವ ನಂಬರ್ ಮಾಡೆಲ್ ನಂಬರ್ ಅಲ್ಲ. ಒಂದೇ ಎರಕವನ್ನು ಎಷ್ಟೋ ಮಾಡೆಲ್‌ಗೆ ಬಳಸಿರುತ್ತಾರೆ. ಮಾಡೆಲ್ ಇರೋದು ಮೇಲಿನ ಮುಚ್ಚಳದ ಸ್ಕ್ರೂಗೆ ಸಿಗಿಸಿದ ಸಣ್ಣ ಲೋಹದ ಬಿಲ್ಲೆಯಲ್ಲಿ. ಯುದ್ಧಕಾಲದ ಎಲ್-ಹೆಡ್ ಜೀಪಿಗೆ ಡಬ್ಲ್ಯುಓ 539ಎಸ್, ಸಿಜೆ3ಬಿಗೆ ವೈಎಫ್ ಜಾತಿಯ 938ರ ಸಾಲಿನದ್ದು.

ಬಿಲ್ಲೆ ಇದ್ದರೆ ಸಾಕು ಅಂದುಕೊಂಡಿದ್ದೇ ನನ್ನ ತಪ್ಪು. ಒಂದು ಸ್ಕ್ರೂ ಬಿಚ್ಚಿದರೆ ಬಿಲ್ಲೆ ಇದರಿಂದ ಅದಕ್ಕೆ ಹೋಗುತ್ತದೆ, ಅಲ್ವಾ? ನನಗೆ ಕೊಟ್ಟಿದ್ದರ ಬಿಲ್ಲೆ ಸರಿ ಇತ್ತು, ಒಳಗೆ ಮೇಲೆ ಕೆಳಗೆ ಓಡುವ ದಂಡದ ಪ್ಲಂಜರ್ ಪಂಪ್! ವೈಎಫ್‌ನಲ್ಲಿ ಇರೋದು ಪೊರೆಯಿಂದ ಕೆಲಸ ಮಾಡುವ ಡಯಾಫ್ರಾಮ್ ಪಂಪ್. ಮುಚ್ಚಳ ತೆಗೆದು ತೋರಿಸಲು ಒಪ್ಪದವರ ಹತ್ತಿರ ತಗೋಬೇಡಿ. ತೆಗೆದುಕೊಂಡ ಮೇಲೆ ಡಯಾಫ್ರಾಮ್ ಹೊಸದು ಹಾಕಿಸಿ. ಈಗಿನ ಎಥೆನಾಲ್ ಬೆರೆತ ಪೆಟ್ರೋಲಿಗೆ ಹಳೇ ರಬ್ಬರ್ ತಡೆಯೋದಿಲ್ಲ.

ನಿಮ್ಮ ಸೋಲೆಕ್ಸ್ ಕೆಳಗೂ ಒಮ್ಮೆ ನೋಡಿ. ದಪ್ಪ ಪ್ಲೇಟು, ಅದರ ಎರಡೂ ಕಡೆ ಗ್ಯಾಸ್ಕೆಟ್, ಯಾರೋ ಬಗ್ಗಿಸಿದ ಎಕ್ಸಲೇಟರ್ ಕಡ್ಡಿ ಇದ್ದರೆ ಅದು ಆಮೇಲೆ ಕೂರಿಸಿದ್ದು. ಆದರೆ ಸುಮ್ನೆ ಎಸೆಯಬೇಡಿ. ಕಾರ್ಟರ್ ಸರಿಯಾಗಿ ಓಡುವವರೆಗೆ ಅದೇ ಗತಿ.

ಮತ್ತೆ ಬಾಗಲಕೋಟೆಯಿಂದ:

ಇಬ್ಬರಿಗೂ ದೊಡ್ಡ ನಮಸ್ಕಾರ. ಬೆಳಿಗ್ಗೆ ಹೋಗಿ ನೋಡಿದೆ. ಹೆಡ್ಡಿನ ಮೇಲೆಯೇ ಕೂತಿದೆ, ನಡುವೆ ಪ್ಲೇಟೂ ಇದೆ. ಎಕ್ಸಲೇಟರ್ ಕೊಂಡಿ ಸೈಕಲ್ ಚಕ್ರದ ಕಡ್ಡಿಯದ್ದು, ಖಂಡಿತ ನಮ್ಮ ಮುತ್ಯಾನ ಕೈಚಳಕವೇ. ಮ್ಯಾನಿಫೋಲ್ಡ್ ಬೇಡ ಅಂದೆ, ವ್ಯಾಪಾರಿ ಯಾಕೆ ಅಂತ ಕೇಳಲೇ ಇಲ್ಲ. ಕಾರ್ಟರ್ ಮುಚ್ಚಳ ತೆಗೆದು ಫೋಟೋ ಕಳಿಸಿ ಅಂದಿದ್ದೇನೆ. ಬಂದರೆ ಇಲ್ಲೇ ಹಾಕುತ್ತೇನೆ.